ತೂಕ ಇಳಿಕೆ ಶಸ್ತ್ರಚಿಕಿತ್ಸೆ: ವರ್ಷಗಳ ನಂತರ ಹಳಿ ತಪ್ಪುವ ಊಟ

ಅತಿ ಸ್ಥೂಲಕಾಯದ ಪರಿಹಾರಕ್ಕಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮೊದಲ ಒಂದೆರಡು ವರ್ಷ ತೂಕ ವೇಗವಾಗಿ ಇಳಿಯುತ್ತದೆ. ಆನಂತರ ಇಳಿಕೆ ನಿಲ್ಲುತ್ತದೆ. ಮೂರು, ಐದು, ಏಳು ವರ್ಷಗಳು ಕಳೆಯುವಷ್ಟರಲ್ಲಿ ಇಳಿದ ತೂಕದ ಒಂದು ಪಾಲು ಸದ್ದಿಲ್ಲದೆ ಮರಳಿರುತ್ತದೆ. ಇದನ್ನು ತನ್ನದೇ ತಪ್ಪೆಂದು ಭಾವಿಸಿ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಮುಖ ತೋರಿಸಲು ನಾಚಿ, ತಪಾಸಣೆಯನ್ನೇ ಕೈಬಿಡುವವರುಂಟು. ಮರಳಿದ ತೂಕಕ್ಕಿಂತ ಈ ಮರೆಯುವಿಕೆಯೇ ಹೆಚ್ಚು ಹಾನಿಕರ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ರಾಜ್ಯದ ವಯಸ್ಕ ಮಹಿಳೆಯರು ಹಾಗೂ ಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿಯ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 25 ಅಥವಾ ಅದಕ್ಕಿಂತ ಹೆಚ್ಚು. ಸ್ಥೂಲಕಾಯ ನಗರದ ಸಿರಿವಂತರ ಕಾಯಿಲೆಯೆಂಬ ಮಾತು ಹಳೆಯದಾಯಿತು. ಹುಣಸೂರು–ಪಿರಿಯಾಪಟ್ಟಣ ನಡುವಿನ ಹೆದ್ದಾರಿಯ ಮೇಲಿರುವ ಕಂಪಲಾಪುರದಂಥ ಊರುಗಳಲ್ಲಿಯೂ ಮಧುಮೇಹ, ರಕ್ತದೊತ್ತಡ ಮನೆಮಾತಾಗಿವೆ. ಅಂಥ ಊರಿನವರೊಬ್ಬರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದಾಗ ಕೈಯಲ್ಲಿರುವ ಆಹಾರಪಟ್ಟಿಗೂ ತಟ್ಟೆಯಲ್ಲಿರುವ ಊಟಕ್ಕೂ ಹೊಂದಿಕೆಯಾಗುವುದು ಕಷ್ಟ. ಹಳಿ ತಪ್ಪುವುದು ಬಹುಪಾಲು ಅಲ್ಲಿಂದಲೇ.

ತೂಕ ಮರಳುವುದೇಕೆ?

ಇಂದು ಹೆಚ್ಚಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಾಕಾರದ ಕಿರಿದಾದ ಕೊಳವೆಯನ್ನಷ್ಟೇ ಉಳಿಸಲಾಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ರೂಪಿಸಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸಲಾಗುತ್ತದೆ. ಎರಡರಲ್ಲಿಯೂ ಕೆಲಸ ಮಾಡುವುದು ಜಾಗದ ಕೊರತೆಯಷ್ಟೇ ಅಲ್ಲ. ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಉತ್ಪತ್ತಿಯಾಗುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಿಂದಲೇ. ಕರುಳಿನಿಂದ ಸ್ರವಿಸಿ ತೃಪ್ತಿಯನ್ನು ಸೂಚಿಸುವ ಹಾರ್ಮೋನುಗಳೂ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚುತ್ತವೆ. ಆದ್ದರಿಂದಲೇ ಮೊದಲ ತಿಂಗಳುಗಳಲ್ಲಿ ಹಸಿವೇ ಇಲ್ಲವೆಂಬ ಭಾವನೆ. ಕಾಲಕ್ರಮೇಣ ದೇಹ ಹೊಂದಿಕೊಳ್ಳುತ್ತದೆ, ಹಸಿವು ಮರಳುತ್ತದೆ, ಕೊಳವೆಯೂ ಸ್ವಲ್ಪ ಹಿಗ್ಗುತ್ತದೆ. ತೂಕ ಇಳಿದ ದೇಹಕ್ಕೆ ಬೇಕಾಗುವ ಕ್ಯಾಲೊರಿಯೂ ಕಡಿಮೆ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಬೈಪಾಸ್ ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳ ನಂತರ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಅಂದರೆ ಸ್ವಲ್ಪ ತೂಕ ಮರಳುವುದು ಸಾಮಾನ್ಯ ನಡೆ, ವೈಫಲ್ಯವಲ್ಲ. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಮರಣ ಪ್ರಮಾಣ ಒಳಗಾಗದವರಿಗಿಂತ ಕಡಿಮೆಯಿತ್ತೆಂಬುದೂ ಗಮನಾರ್ಹ.

ನುಂಗುವ ಮುದ್ದೆ, ಅಗಿಯಬೇಕಾದ ಹೊಟ್ಟೆ

ಹಳೆಯ ಮೈಸೂರು ಸೀಮೆಯ ಊಟದ ಕೇಂದ್ರ ರಾಗಿಮುದ್ದೆ. ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಮುದ್ದೆ ಅಗಿಯುವವನನ್ನು ಕಂಡರೆ ಪರಸ್ಥಳದವನೆಂದು ಹಳ್ಳಿಯ ಹಿರಿಯರು ನಗುವುದುಂಟು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ನಿಯಮ ಇದಕ್ಕೆ ನೇರ ವಿರುದ್ಧ: ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು, ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ತೆಗೆದುಕೊಳ್ಳಬೇಕು. ನುಂಗಿದ ಮುದ್ದೆಯ ತುತ್ತು ಕಿರಿದಾದ ಕೊಳವೆಯಲ್ಲಿ ಸಿಕ್ಕಿಕೊಂಡು ಎದೆ ಹಿಡಿದಂತಾಗಿ ವಾಂತಿಯಾದರೆ ಆಶ್ಚರ್ಯವಿಲ್ಲ. ಒಮ್ಮೆ ಹೀಗಾದವರು ಗಟ್ಟಿ ಆಹಾರಕ್ಕೇ ಹೆದರಿ ಗಂಜಿ, ಮಜ್ಜಿಗೆ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುಂತಾದ ಸಲೀಸಾಗಿ ಜಾರುವ ತಿನಿಸುಗಳತ್ತ ವಾಲುತ್ತಾರೆ. ಅವು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ; ಗಂಟೆಯೊಳಗೆ ಮತ್ತೆ ಹಸಿವು. ತೂಕ ಮರಳುವ ದಾರಿಗಳಲ್ಲಿ ಇದೇ ಅತ್ಯಂತ ಸಾಮಾನ್ಯವಾದುದು.

ಹಾಗೆಂದು ಮುದ್ದೆಯನ್ನು ತ್ಯಜಿಸಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಪ್ರೋಟೀನು 7 ಗ್ರಾಂ ಮಾತ್ರ. ತಟ್ಟೆಯ ಕ್ರಮವನ್ನು ತಿರುವು ಮಾಡುವುದೇ ಉಪಾಯ. ಬಸ್ಸಾರನ್ನೇ ನೋಡಬಹುದು. ಕಾಳು, ಸೊಪ್ಪುಗಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಪ್ರೋಟೀನಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ; ಆದರೆ ಮುದ್ದೆಯೊಂದಿಗೆ ಮೊದಲು ಹೊಟ್ಟೆ ಸೇರುವುದು ಸಾರು, ಪಲ್ಯ ನಂಚಿಕೊಳ್ಳಲು ಮಾತ್ರ. ಶಸ್ತ್ರಚಿಕಿತ್ಸೆಯಾದವರು ಮೊದಲು ಕಾಳುಪಲ್ಯ ಅಥವಾ ಮೊಟ್ಟೆ, ಆಮೇಲೆ ತರಕಾರಿ, ಕೊನೆಗೆ ಜಾಗವಿದ್ದರೆ ನಿಂಬೆಗಾತ್ರದ ಮೃದುವಾದ ಮುದ್ದೆಯನ್ನು ಅಗಿದು ತಿನ್ನುವುದು ಲೇಸು. ನೆಂಟರು ನಗಲಿ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಸಲಹೆ. ಎರಡು ಮೊಟ್ಟೆಯಿಂದ 12 ಗ್ರಾಂ, 50 ಗ್ರಾಂ ಹುರುಳಿಕಾಳಿನಿಂದ 11 ಗ್ರಾಂ, ಅರ್ಧ ಲೀಟರು ಹಾಲು–ಮೊಸರಿನಿಂದ 16 ಗ್ರಾಂ, ನೂರು ಗ್ರಾಂ ಕೋಳಿಮಾಂಸದಿಂದ 20 ಗ್ರಾಂ ಎಂದು ಲೆಕ್ಕ ಹಾಕಿದರೆ ಅರವತ್ತರ ಸಮೀಪ ಬರುತ್ತದೆ. ಸಸ್ಯಾಹಾರಿಗಳಿಗೆ ಕೋಳಿಯ ಬದಲು ನೂರು ಗ್ರಾಂ ಪನೀರ್, ಮೊಟ್ಟೆಯ ಬದಲು 25 ಗ್ರಾಂ ಸೋಯಾ ಉಂಡೆ. ಊಟದ ಜೊತೆಗೆ ನೀರು ಕುಡಿಯುವ ಅಭ್ಯಾಸ ಬಿಡಬೇಕು. ಊಟದ ನಂತರ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬಹುದು.

ರಾತ್ರಿಯ ಚಹಾ, ಹಗಲಿನ ಖಾರ

ಎರಡನೆಯ ಶತ್ರು ಇಡೀ ದಿನದ ಮೇಯುವಿಕೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿಯನ್ನು ಹಗಲಿರುಳು ಕಾಯಬೇಕಾಗುತ್ತದೆ. ನಿದ್ದೆಗೆಟ್ಟ ರಾತ್ರಿಗಳಲ್ಲಿ ಸಕ್ಕರೆ ಚಹಾ, ಬನ್ನು, ಬೀಡಿ ಇವೇ ಸಂಗಾತಿ. ಬೆಂಗಳೂರಿನ ರಾತ್ರಿಪಾಳಿಯ ನೌಕರನದೂ ಹೆಚ್ಚುಕಡಿಮೆ ಇದೇ ಪಾಡು. ನಿದ್ದೆಗೇಡು ಹಸಿವನ್ನು ಹೆಚ್ಚಿಸುತ್ತದೆ. ಒಂದೊಂದು ಹಿಡಿ ಖಾರ, ಅರ್ಧ ನಿಪ್ಪಟ್ಟು ಎಂದು ತಿಂದದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಒಂದು ವಾರ ತಿಂದದ್ದನ್ನೆಲ್ಲ, ವೇಳೆಸಹಿತ, ಪುಸ್ತಕದಲ್ಲಿ ಬರೆದಿಟ್ಟರೆ ಸಮಸ್ಯೆ ಎಲ್ಲಿದೆಯೆಂಬುದು ತಾನಾಗಿ ಗೋಚರಿಸುತ್ತದೆ. ಮೂರು ಊಟ, ಅಗತ್ಯವಿದ್ದರೆ ನಿಗದಿತ ವೇಳೆಗೆ ಒಂದು ಉಪಾಹಾರ. ನಡುವೆ ಏನೂ ಇಲ್ಲ ಎಂಬ ಕಟ್ಟುಪಾಡಿಗೆ ಮರಳುವುದು ಮೊದಲ ಹೆಜ್ಜೆ.

ಬೀಡಿ, ಸಿಗರೇಟಿನ ಹಾನಿ ಇಲ್ಲಿ ದುಪ್ಪಟ್ಟು. ಬೈಪಾಸ್ ಆದವರಲ್ಲಿ ಧೂಮಪಾನ ಹಾಗೂ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವುನಿವಾರಕಗಳು ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತವೆ. ಮದ್ಯ ರಕ್ತಕ್ಕೆ ಶೀಘ್ರವಾಗಿ ಸೇರುತ್ತದೆ. ಹಿಂದೆ ಮಿತದಲ್ಲಿದ್ದವರಿಗೂ ಶಸ್ತ್ರಚಿಕಿತ್ಸೆಯ ಎರಡನೆಯ ವರ್ಷದಿಂದ ಮದ್ಯವ್ಯಸನ ಅಂಟುವ ಅಪಾಯ ಹೆಚ್ಚೆಂದು 2012ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹಬ್ಬದ ಒಬ್ಬಟ್ಟು ತಿಂದ ಕೂಡಲೇ ಎದೆಬಡಿತ, ಬೆವರು, ಭೇದಿ ಕಾಣಿಸಿಕೊಂಡರೆ ಅದು ಡಂಪಿಂಗ್. ಒಂದರಿಂದ ಮೂರು ಗಂಟೆಯ ನಂತರ ನಡುಕ, ತಲೆಸುತ್ತು ಬಂದರೆ ರಕ್ತದ ಸಕ್ಕರೆ ಕುಸಿದಿರಬಹುದು. ಅದಕ್ಕೆ ಮತ್ತೆ ಸಿಹಿ ತಿನ್ನುತ್ತ ಹೋಗುವುದು ಸುಳಿಗೆ ಸಿಕ್ಕಂತೆ. ವೈದ್ಯರಿಗೆ ತಿಳಿಸಲೇಬೇಕು.

ನಿಂತುಹೋದ ಮಾತ್ರೆಗಳು

ತೂಕ ಮರಳಿದಾಗ ಅನೇಕರು ಮಾಡುವುದು ಉಪವಾಸ. ಐದು ದಿನ ದ್ರವಾಹಾರದಿಂದ ಹೊಟ್ಟೆಯನ್ನು ಮತ್ತೆ ಕುಗ್ಗಿಸಬಹುದೆಂಬ ನಂಬಿಕೆ ಪ್ರಚಾರದಲ್ಲಿದೆ. ಹಿಗ್ಗಿದ ಜಠರ ಹಾಗೆ ಕುಗ್ಗುವುದಿಲ್ಲ. ಈಗಾಗಲೇ ಪೋಷಕಾಂಶದ ಕೊರತೆಯಿರುವ ದೇಹಕ್ಕೆ ಉಪವಾಸ ಅಪಾಯಕರವೂ ಹೌದು. ಬಿ12, ಕಬ್ಬಿಣ, ಡಿ ಜೀವಸತ್ವ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪರ್ಯಂತ ಬೇಕು; ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆಯ ಅಂತರವಿರಬೇಕು. ರಾಗಿಯ ಕ್ಯಾಲ್ಸಿಯಂ ಮಾತ್ರೆಗೆ ಬದಲಿಯಲ್ಲ. ತಿಂಗಳ ಮುಟ್ಟಿನ ಮಹಿಳೆಯರಲ್ಲಿ ರಕ್ತಹೀನತೆ ಬೇಗ ಕಾಣಿಸಿಕೊಳ್ಳುತ್ತದೆ. ಅಂಗಾಲು ಜುಮುಗುಟ್ಟುವುದು, ಮರೆವು, ವಿಪರೀತ ದಣಿವು ಬಿ12 ಕೊರತೆಯ ಸೂಚನೆಗಳಾಗಿರಬಹುದು. ದಿನಗಟ್ಟಲೆ ವಾಂತಿಯಾಗುತ್ತಿದ್ದು ನಡಿಗೆ ತೂರಾಡಿದರೆ ಅಥವಾ ನೋಟ ಎರಡಾಗಿ ಕಂಡರೆ ಥಯಾಮಿನ್ ಕೊರತೆಯ ಶಂಕೆಯಿಂದ ಅಂದೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಮಿದುಳಿಗೆ ಶಾಶ್ವತ ಹಾನಿ.

ವೈದ್ಯರಲ್ಲಿ ಕೇಳಬೇಕಾದುದು

ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಅಗತ್ಯ. ತೂಕ ಗಣನೀಯವಾಗಿ ಮರಳಿದ್ದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಚಿತ್ರದಿಂದ ಜಠರದ ರಚನೆಯನ್ನು ಪರಿಶೀಲಿಸುತ್ತಾರೆ. ಥೈರಾಯ್ಡ್, ಖಿನ್ನತೆ, ಇನ್ಸುಲಿನ್ ಅಥವಾ ಸ್ಟೀರಾಯ್ಡ್‌ನಂಥ ಔಷಧಗಳೂ ಕಾರಣವಾಗಿರಬಹುದು. ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳ ಪೈಕಿ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು; ಶಸ್ತ್ರಚಿಕಿತ್ಸೆಯ ನಂತರ ಮರಳಿದ ತೂಕಕ್ಕೂ ತಜ್ಞರು ಇಂಥವನ್ನು ಬಳಸುತ್ತಿದ್ದಾರೆ. ಆದರೆ ಊಟ ಇನ್ನೂ ಕಡಿಮೆಯಾಗುವುದರಿಂದ ಪ್ರೋಟೀನಿನ ಲೆಕ್ಕ ಮತ್ತಷ್ಟು ಬಿಗಿಯಾಗಬೇಕಾಗುತ್ತದೆ. ಮರುಶಸ್ತ್ರಚಿಕಿತ್ಸೆ ಕೊನೆಯ ಆಯ್ಕೆ. ಸ್ಲೀವ್ ಆದವರಿಗೆ ಔಷಧಕ್ಕೆ ಬಗ್ಗದ ಹುಳಿತೇಗು, ಎದೆಯುರಿ ಇದ್ದಲ್ಲಿ ಅದನ್ನು ಬೈಪಾಸ್‌ಗೆ ಬದಲಿಸುವುದುಂಟು.

ಮನೆಯವರ ಪಾತ್ರವನ್ನು ಆಹಾರಪಟ್ಟಿಗಳು ಮರೆಯುತ್ತವೆ. ಬೀಗರೂಟದಲ್ಲಿ ಬಡಿಸುವವರು ‘ಇನ್ನೊಂದು ತುತ್ತು, ನಮ್ಮ ಮೇಲೆ ಆಣೆ’ ಎನ್ನುವುದು ಪ್ರೀತಿಯಿಂದಲೇ. ತಟ್ಟೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನವೆಂಬ ಭಾವವೂ ಬಲವಾದುದು. ಚಿಕ್ಕ ತಟ್ಟೆಯಲ್ಲಿ ತಾವೇ ಬಡಿಸಿಕೊಳ್ಳುವುದು, ಎರಡನೆಯ ಸಲ ಬಡಿಸಬಾರದೆಂದು ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡುವುದು ಈ ಇಕ್ಕಟ್ಟಿನಿಂದ ಪಾರಾಗಲು ನೆರವಾಗುತ್ತವೆ.