ಸಂಶೋಧನಾ ಶಿಷ್ಯವೇತನ ಮತ್ತು ಹೊಸ ಅಧ್ಯಾಪಕರ ಅನುದಾನ: ಅರ್ಜಿದಾರರಿಗೆ ಮಾಹಿತಿ

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆ ಹಾಗೂ ಸುತ್ತಲಿನ ಗ್ರಾಮಗಳ ಸಂಶೋಧನಾರ್ಥಿಗಳು ಮತ್ತು ಅಧ್ಯಾಪಕರ ತಿಳಿವಳಿಕೆಗಾಗಿ ಈ ವಿವರಗಳನ್ನು ನೀಡಲಾಗಿದೆ.

1. ಪರಿಶಿಷ್ಟ ಜಾತಿಯ ಸಂಶೋಧನಾರ್ಥಿಗಳಿಗೆ
ರಾಷ್ಟ್ರೀಯ ಫೆಲೋಶಿಪ್ ಯೋಜನೆಯು 2005-06ರಲ್ಲಿ ರಾಜೀವ್ ಗಾಂಧಿಯವರ ಹೆಸರಿನಲ್ಲಿ ಆರಂಭವಾಯಿತು. ಪಿಎಚ್.ಡಿ. ಸಂಶೋಧನೆಗೆ ನೀಡುವ ಕಿರಿಯ ಹಂತದ ಮಾಸಿಕ ನೆರವನ್ನು 2023ರ ಜನವರಿ 1ರಿಂದ ರೂ. 37,000ಕ್ಕೆ ಹೆಚ್ಚಿಸಲಾಯಿತು. ಪರಿಶಿಷ್ಟ ಪಂಗಡದವರಿಗೆ ಪ್ರತ್ಯೇಕ ಯೋಜನೆಯಿದೆ. ಜಾತಿ ಪ್ರಮಾಣ ಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳತಕ್ಕದ್ದು.

2. ಹೊಸದಾಗಿ ನೇಮಕಗೊಂಡ ಅಧ್ಯಾಪಕರಿಗೆ
ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಡಾ. ಡಿ.ಎಸ್. ಕೊಠಾರಿ ಸಂಶೋಧನಾ ಅನುದಾನವನ್ನು ಪ್ರಕಟಿಸಿತು. ಆಯ್ಕೆಯಾಗುವ 132 ಅಧ್ಯಾಪಕರಿಗೆ ಎರಡು ವರ್ಷಗಳ ಅವಧಿಗೆ ತಲಾ ರೂ. 10 ಲಕ್ಷ ನಿಗದಿಪಡಿಸಲಾಯಿತು. ಇದು ಕಾಯಂ ಹುದ್ದೆಯವರಿಗೆ ಮೀಸಲು. ಅತಿಥಿ ಉಪನ್ಯಾಸಕರಿಗೆ ಅನ್ವಯಿಸುವುದಿಲ್ಲ.

3. ಸಂಸ್ಥೆಯ ಮಾನ್ಯತೆ
ಶಿಷ್ಯವೇತನವು ವ್ಯಕ್ತಿಗೆ ಸಲ್ಲುತ್ತದೆ. ಸಂಶೋಧನಾ ಅನುದಾನವು ಸಂಸ್ಥೆಯ ಮೂಲಕ ಬರುತ್ತದೆ. ಆಯೋಗದ 1956ರ ಅಧಿನಿಯಮದ ಕಲಂ 2(ಎಫ್) ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅನುದಾನ ದೊರೆಯುವುದಿಲ್ಲ. ಕಲಂ 12(ಬಿ) ಅಡಿಯಲ್ಲಿಯೂ ಅರ್ಹತೆ ಇರಬೇಕು. ಯೋಗ್ಯ ಪ್ರಸ್ತಾವನೆಯೂ ಈ ಕಾರಣದಿಂದ ತಿರಸ್ಕೃತವಾಗಬಹುದು.

ಸೂಚನೆ: ಅರ್ಜಿ ಸಿದ್ಧಪಡಿಸುವ ಮೊದಲು ಸಂಸ್ಥೆಯ ಮಾನ್ಯತಾ ಪತ್ರವನ್ನು ಪ್ರಾಂಶುಪಾಲರ ಅಥವಾ ಕುಲಸಚಿವರ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲು ಕೋರಲಾಗಿದೆ. ಆಯಾ ವರ್ಷದ ಅಧಿಸೂಚನೆಯಲ್ಲಿನ ಷರತ್ತುಗಳೇ ಅಂತಿಮ.