ಬಳಸಿದ ಸ್ಪೋರ್ಟ್ಸ್ ಕಾರಿನ ಪರಿಶೀಲನೆ

ಬಳಸಿದ ಸ್ಪೋರ್ಟ್ಸ್ ಕಾರಿನ ಪರಿಶೀಲನೆ ಎಂದರೆ ಈಗಾಗಲೇ ನೋಂದಣಿಯಾಗಿ ಓಡಿರುವ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಮುನ್ನ ಅದರ ದಾಖಲೆ, ಹೊರಮೈ, ಯಂತ್ರಭಾಗ ಹಾಗೂ ಚಾಲನೆಯ ಗುಣವನ್ನು ಕ್ರಮವಾಗಿ ಪರೀಕ್ಷಿಸುವ ಪ್ರಕ್ರಿಯೆ. ಇಂತಹ ಕಾರುಗಳನ್ನು ಹೆಚ್ಚು ವೇಗದಲ್ಲಿ ಓಡಿಸಿರುವ ಸಾಧ್ಯತೆ ಅಧಿಕ, ಬಿಡಿಭಾಗಗಳೂ ದುಬಾರಿ. ಆದ್ದರಿಂದ ಸಾಮಾನ್ಯ ಕಾರಿಗಿಂತ ಹೆಚ್ಚಿನ ಎಚ್ಚರ ಅಗತ್ಯ.

ಪ್ರಾದೇಶಿಕ ಹಿನ್ನೆಲೆ

ಕಲಬುರಗಿ ಜಿಲ್ಲೆಯ ಮಳಖೇಡ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪ್ರದೇಶವು ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಹಾಗೂ ಶಹಾಬಾದ ಕಲ್ಲಿಗೆ ಹೆಸರಾಗಿದೆ. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿದ್ದು, ಹೈದರಾಬಾದ್ ಇಲ್ಲಿಗೆ ಸಮೀಪದ ಮಹಾನಗರವಾಗಿದೆ. ಅಲ್ಲಿಂದ ಕಾರು ಕೊಳ್ಳುವವರಿಗೆ ಎರಡು ವಿಷಯಗಳು ಮುಖ್ಯವಾಗುತ್ತವೆ: ಹೊರರಾಜ್ಯದ ನೋಂದಣಿ ಮತ್ತು ನೆರೆಯಲ್ಲಿ ಮುಳುಗಿದ ವಾಹನ.

ದಾಖಲೆಗಳ ಪರಿಶೀಲನೆ

ನೋಂದಣಿ ಪತ್ರದಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಯನ್ನು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ಹೋಲಿಸಬೇಕು. ಸಾರಿಗೆ ಇಲಾಖೆಯ ‘ವಾಹನ್’ ಜಾಲತಾಣದಲ್ಲಿ ತೆರಿಗೆ, ವಿಮೆ ಮತ್ತು ನೋಂದಣಿಯ ಅವಧಿಯನ್ನು ನೋಡಬಹುದು. ಕಾರಿನ ಮೇಲೆ ಸಾಲವಿದ್ದಲ್ಲಿ, ಅದು ತೀರಿದ ಬಳಿಕ ನಮೂನೆ 35ರ ಮೂಲಕ ನೋಂದಣಿ ಪತ್ರದಿಂದ ಸಾಲದ ನಮೂದನ್ನು ತೆಗೆಸಿರಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬಳಕೆಯಾಗುತ್ತವೆ.

ಹೊರರಾಜ್ಯದ ಕಾರಾದರೆ ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಪಡೆಯಬೇಕು. 1988ರ ಮೋಟಾರು ವಾಹನಗಳ ಕಾಯ್ದೆಯ 47ನೆಯ ಕಲಮಿನಂತೆ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವ ವಾಹನಕ್ಕೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಕಲಬುರಗಿ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆಎ-32. ಇದರ ಜೊತೆಗೆ ಕರ್ನಾಟಕದ ಆಜೀವ ತೆರಿಗೆಯನ್ನು ವಾಹನದ ವಯಸ್ಸಿಗೆ ಅನುಗುಣವಾಗಿ ಕಟ್ಟಬೇಕಾಗುವುದರಿಂದ, ಕೊಳ್ಳುವ ಬೆಲೆಗೆ ಈ ಮೊತ್ತವನ್ನೂ ಸೇರಿಸಿ ಲೆಕ್ಕ ಹಾಕುವುದು ಒಳಿತು. ಹೊರರಾಜ್ಯದ ನೋಂದಣಿಯಲ್ಲೇ ಓಡುತ್ತಿದ್ದ ಐಷಾರಾಮಿ ಕಾರುಗಳನ್ನು ತೆರಿಗೆ ಬಾಕಿಯ ಕಾರಣಕ್ಕೆ ಸಾರಿಗೆ ಅಧಿಕಾರಿಗಳು ಬೆಂಗಳೂರಿನಲ್ಲಿ ಜಪ್ತಿ ಮಾಡಿದ್ದುಂಟು.

ಹೊರಮೈ ಮತ್ತು ನೆರೆಯ ಗುರುತು

ಬಾನೆಟ್, ಬಾಗಿಲು ಹಾಗೂ ಡಿಕ್ಕಿಯ ನಡುವಿನ ಸಂದು ಎಲ್ಲೆಡೆ ಸಮನಾಗಿರಬೇಕು. ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು, ಬಣ್ಣದ ಛಾಯೆಯಲ್ಲಿ ವ್ಯತ್ಯಾಸ, ರಬ್ಬರ್ ಅಂಚಿನ ಮೇಲೆ ಬಣ್ಣದ ಹನಿ ಇವು ಹಿಂದಿನ ಅಪಘಾತ ಅಥವಾ ದುರಸ್ತಿಯನ್ನು ಸೂಚಿಸುತ್ತವೆ. ಸ್ಪೋರ್ಟ್ಸ್ ಕಾರಿನ ತಳ ನೆಲಕ್ಕೆ ಸಮೀಪವಿರುವ ಕಾರಣ ರಸ್ತೆ ಉಬ್ಬುಗಳಿಗೆ ತಗುಲಿ ಮುಂಭಾಗದ ಬಂಪರಿನ ಕೆಳಅಂಚು, ಎಂಜಿನ್ ಆಯಿಲ್ ಪ್ಯಾನ್ ಮತ್ತು ಸೈಲೆನ್ಸರ್ ಸವೆದಿರಬಹುದು. ಆದ್ದರಿಂದ ಕಾರನ್ನು ಲಿಫ್ಟಿನ ಮೇಲೇರಿಸಿ ತಳಭಾಗವನ್ನು ನೋಡಬೇಕು.

2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿಯೂ ಉಂಟಾದ ನೆರೆಯಲ್ಲಿ ಅನೇಕ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಕಾಣುವ ಕೆಸರಿನ ಗೆರೆ, ಸೀಟಿನ ಹಳಿಗಳ ತುಕ್ಕು, ನೆಲಹಾಸಿನ ಅಡಿಯ ಹೂಳು ಹಾಗೂ ಮುಗ್ಗಲು ವಾಸನೆ ಮುಳುಗಿದ ಕಾರಿನ ಲಕ್ಷಣಗಳು. ನೀರು ಹೊಕ್ಕ ವಿದ್ಯುತ್ ಜೋಡಣೆಗಳು ತಿಂಗಳುಗಳ ನಂತರವೂ ಕೈಕೊಡಬಹುದು.

ಯಂತ್ರಭಾಗಗಳು

ಎಂಜಿನ್ ಪೂರ್ತಿ ತಣಿದಿರುವಾಗಲೇ ಸ್ಟಾರ್ಟ್ ಮಾಡಿ ಹೊಗೆಯನ್ನು ಗಮನಿಸಬೇಕು.

• ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ.
• ಕಪ್ಪು ಹೊಗೆ: ಅಗತ್ಯಕ್ಕಿಂತ ಹೆಚ್ಚು ಇಂಧನ ಉರಿಯುತ್ತಿರುವುದರ ಸೂಚನೆ.
• ನಿಲ್ಲದೆ ಬರುವ ದಟ್ಟ ಬಿಳಿ ಹೊಗೆ: ಕೂಲಂಟ್ ಎಂಜಿನ್ನಿನೊಳಗೆ ಸೋರುತ್ತಿರುವುದರ ಸೂಚನೆ.

ಸಿಮೆಂಟ್ ಮತ್ತು ಕಲ್ಲುಗಣಿಯ ಧೂಳಿರುವ ಪ್ರದೇಶದಲ್ಲಿ ಓಡಿದ ಕಾರಿನ ಏರ್ ಫಿಲ್ಟರನ್ನು ತೆಗೆದು ನೋಡುವುದು ಅವಶ್ಯ. ಫಿಲ್ಟರ್ ದಾಟಿದ ಧೂಳು ಟರ್ಬೊವನ್ನೂ ಸಿಲಿಂಡರನ್ನೂ ಸವೆಸುತ್ತದೆ. ದೋಷಸಂಕೇತ ಓದುವ ಸ್ಕ್ಯಾನರ್ ಜೋಡಿಸಿದಾಗ ಸ್ವಪರೀಕ್ಷೆಗಳು ಅಪೂರ್ಣವೆಂದು ತೋರಿದರೆ, ಹಳೆಯ ದೋಷಗಳನ್ನು ಇತ್ತೀಚೆಗೆ ಅಳಿಸಿರುವ ಸಂಭವವಿದೆ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಉದಾಹರಣೆಗೆ 2319 ಎಂದರೆ 2019ರ 23ನೆಯ ವಾರ. ಕಡಿಮೆ ಓಡಿದೆ ಎನ್ನುವ ಕಾರಿನ ಸ್ಟಿಯರಿಂಗ್ ಹಾಗೂ ಪೆಡಲುಗಳು ಬಹಳ ಸವೆದಿದ್ದರೆ ಕಿಲೋಮೀಟರ್ ಅಂಕಿಯನ್ನು ಸರ್ವಿಸ್ ದಾಖಲೆಯೊಂದಿಗೆ ತಾಳೆ ನೋಡಬೇಕು.

ಚಾಲನಾ ಪರೀಕ್ಷೆ

ಮೇಲಿನ ಗೇರಿನಲ್ಲಿ ವೇಗ ಹೆಚ್ಚಿಸುವಾಗ ಎಂಜಿನ್ ಸದ್ದು ಏರಿದರೂ ಕಾರು ಅದಕ್ಕೆ ತಕ್ಕಂತೆ ಮುನ್ನುಗ್ಗದಿದ್ದರೆ ಕ್ಲಚ್ ಸವೆದಿದೆ ಎಂದರ್ಥ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುವುದು ಅಥವಾ ಕಾರು ಒಂದು ಬದಿಗೆ ಎಳೆಯುವುದು ದೋಷದ ಲಕ್ಷಣ.

ವರ್ಗಾವಣೆ ಮತ್ತು ಹೊಣೆಗಾರಿಕೆ

ಕೊಂಡವರು 30 ದಿನಗಳೊಳಗೆ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ವಿಮೆಯ ಬದಲಾವಣೆಗೆ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿ, ಕಾರು ಹಲವರ ಕೈ ಬದಲಾಯಿಸಿದ್ದರೂ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ ಎಂದು ಹೇಳಿತು. ಹೀಗಾಗಿ ಹೆಸರಿನ ವರ್ಗಾವಣೆ ಕೊಂಡವರಷ್ಟೇ ಮಾರಿದವರಿಗೂ ಮುಖ್ಯವಾಗಿದೆ.