ಗೋಡೆಯ ಮೇಲಿನ ಕೊಂಬುಗಳು

ಬೆಂಗಳೂರು ದಂಡು ಪ್ರದೇಶದ ಹಳೆಯ ಬಂಗಲೆಗಳ ಪಡಸಾಲೆಗಳಲ್ಲಿ ಒಂದು ಕಾಲಕ್ಕೆ ಕಡವೆ, ಜಿಂಕೆಗಳ ಕೊಂಬುಗಳು ಮನೆಯ ಹಿರಿಯರ ಭಾವಚಿತ್ರಗಳ ಸಾಲಿನಲ್ಲಿಯೇ ತೂಗುತ್ತಿದ್ದವು. ಅವು ಕೇವಲ ಅಲಂಕಾರದ ವಸ್ತುಗಳಾಗಿರಲಿಲ್ಲ. ತಂದೆಯಿಂದ ಮಗನಿಗೆ ಸಾಗಿಬಂದ ಒಂದು ಪರಂಪರೆಯ ಗುರುತುಗಳಾಗಿದ್ದವು.

ಬೇಟೆಯು ಈ ನಾಡಿಗೆ ಹೊಸದಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವು ಹತ್ತನೆಯ ಶತಮಾನದ್ದು. ಕಾಡುಹಂದಿಯೊಡನೆ ಸೆಣಸಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ನೆನಪನ್ನು ಅದು ಇಂದಿಗೂ ಕಾಪಾಡಿದೆ. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಮೇಲೆ, ಹಳ್ಳಿಗನ ಅನ್ನದ ದಾರಿಯಾಗಿದ್ದ ಬೇಟೆಯು ಅಧಿಕಾರಿಗಳ ‘ಶಿಕಾರಿ’ಯೂ ಆಯಿತು. 1901ರಲ್ಲಿ ಮೈಸೂರು ಸಂಸ್ಥಾನವು ಬೇಟೆಯ ಪ್ರಾಣಿಗಳ ಹಾಗೂ ಮೀನುಗಳ ರಕ್ಷಣೆಗೆ ಕಾನೂನು ಮಾಡಿತು. ಅಂದಿನಿಂದ ಬೇಟೆಗೂ ಕಟ್ಟುಪಾಡುಗಳು ಬಂದವು.

ಈ ಪರಂಪರೆಯನ್ನು ಅರಿಯಲು ಬೆಂಗಳೂರಿನ ಆಂಡರ್ಸನ್ ಮನೆತನದ ಉದಾಹರಣೆಯೊಂದೇ ಸಾಕು. ಸ್ಕಾಟ್ಲೆಂಡ್ ಮೂಲದ ಕೆನೆತ್ ಆಂಡರ್ಸನ್ (1910-1974) ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿ, ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗ ಮಾಡಿದವರು. ಬಿಡುವಾದಾಗಲೆಲ್ಲ ಕೋವಿ ಹಿಡಿದು ಕಾಡಿಗೆ ನಡೆಯುತ್ತಿದ್ದರು. ನರಭಕ್ಷಕ ಹುಲಿ, ಚಿರತೆಗಳ ಬೆನ್ನುಹತ್ತಿದ ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಕೆನೆತ್ ಅವರ ಮಗ ಡೊನಾಲ್ಡ್ (1934-2014) ತಂದೆಯ ಜೊತೆಯಲ್ಲಿಯೇ ಬೇಟೆಯನ್ನು ಕಲಿತರು.

ಆದರೆ ತಂದೆಗೆ ಕಾಡಿನ ಪಾಠ ಹೇಳಿದವರು ಯಾರು? ಪೂಜಾರಿ ಬುಡಕಟ್ಟಿನ ಬೈರನಿಂದ ತಾನು ಕಾಡನ್ನು ಕಲಿತೆನೆಂದು ಕೆನೆತ್ ಅವರೇ ಬರೆದಿದ್ದಾರೆ. ಹೆಜ್ಜೆಯ ಜಾಡು ಹಿಡಿಯುವುದು, ಗಾಳಿಯ ದಿಕ್ಕು ಅರಿಯುವುದು, ಜಿಂಕೆಯ ಎಚ್ಚರಿಕೆಯ ಕೂಗಿನಿಂದ ಹುಲಿಯ ಸುಳಿವು ಹಿಡಿಯುವುದು, ಇವೆಲ್ಲ ಇಂಥವರ ಬದುಕಿನೊಳಗೇ ಬೆಳೆದುಬಂದ ವಿದ್ಯೆ. ಆದರೂ ಪರವಾನಗಿ ಪಡೆದು ಜಿಂಕೆಯನ್ನು ಹೊಡೆದವನು ಶಿಕಾರಿ ಎನಿಸಿಕೊಂಡನು. ಹೊಟ್ಟೆಪಾಡಿಗಾಗಿ ಹೊಡೆದ ಬೈರನಂಥವನು ಕಳ್ಳಬೇಟೆಗಾರನೆನಿಸಿಕೊಂಡನು. ಒಬ್ಬನ ಮನೆಯ ಗೋಡೆಗೆ ಕೊಂಬು ಬಂದಿತು. ಇನ್ನೊಬ್ಬನ ಮನೆಗೆ ಕಾನೂನಿನ ಭಯ ಬಂದಿತು. ನಮ್ಮ ಹಿರಿಯರ ಸಾಹಸವನ್ನು ನೆನೆಯುವಾಗ ಈ ಅನ್ಯಾಯವನ್ನೂ ನೆನೆಯುವುದು ನ್ಯಾಯ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಅಧ್ಯಾಯವನ್ನು ಮುಗಿಸತೊಡಗಿತು. ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಅವಕಾಶ ಉಳಿದಿತ್ತು. 1991ರ ತಿದ್ದುಪಡಿಯಿಂದ ಅದೂ ಕೊನೆಗೊಂಡಿತು. ಕೆನೆತ್ ನಿಧನರಾದ 1974ರಲ್ಲಿಯೇ ಬನ್ನೇರುಘಟ್ಟವು ರಾಷ್ಟ್ರೀಯ ಉದ್ಯಾನವಾಯಿತು. ಅವರು ಕೊನೆಯ ವರ್ಷಗಳಲ್ಲಿ ವನ್ಯಜೀವಿಗಳ ಉಳಿವಿನ ಪರವಾಗಿ ನಿಂತಿದ್ದರು. ಕಾಡನ್ನು ಬಹುಕಾಲ ಕಂಡವನಿಗೆ ಅದು ಬರಿದಾಗುತ್ತಿರುವುದೂ ಮೊದಲು ಕಾಣುತ್ತದೆಯಲ್ಲವೇ?

ಹಾಗಾದರೆ ಗೋಡೆಯ ಮೇಲಿನ ಕೊಂಬುಗಳ ಗತಿಯೇನು? ಅಂಥವುಗಳನ್ನು ಮನೆಯಲ್ಲಿರಿಸಿಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು, ಪ್ರಮಾಣಪತ್ರವಿದ್ದರೂ ಮಾರುವಂತಿಲ್ಲ. ಬಳಿಯಲ್ಲಿರುವುದನ್ನು ಘೋಷಿಸಿಕೊಳ್ಳಲು 2003ರಲ್ಲಿ ಸರ್ಕಾರವು 180 ದಿನಗಳ ಅವಕಾಶವನ್ನು ನೀಡಿತ್ತು. ಅಜ್ಜನ ಹೆಮ್ಮೆಯಾಗಿದ್ದ ವಸ್ತುವೇ ಮೊಮ್ಮಗನಿಗೆ ಹೊಣೆಯಾಯಿತು.

ಕಾಲ ಬದಲಾದಾಗ ಪರಂಪರೆಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಪ್ರತಿಯೊಂದು ಕುಟುಂಬದ ಮುಂದಿರುವ ಪ್ರಶ್ನೆ. ಕೋವಿ ಹೋಯಿತು, ಹೋಗಬೇಕಾದದ್ದೇ. ಆದರೆ ಅದರೊಡನೆ ತಂದೆಯು ಮಗನಿಗೆ ಕಲಿಸುತ್ತಿದ್ದ ತಾಳ್ಮೆ, ಮೌನವಾಗಿ ಕಾಯುವ ಸಂಯಮ, ಮಣ್ಣಿನ ಮೇಲಿನ ಒಂದು ಗೊರಸಿನ ಗುರುತನ್ನೂ ಓದಬಲ್ಲ ದೃಷ್ಟಿ, ಇವೂ ಹೋಗಬೇಕಾಗಿರಲಿಲ್ಲ. ಇಂದಿರಾನಗರದಲ್ಲಿಯೋ ಕೃಷ್ಣರಾಜಪುರದಲ್ಲಿಯೋ ಬೆಳೆಯುವ ಇಂದಿನ ಮಗುವಿಗೆ ಜಿಂಕೆಯನ್ನು ಕೊಲ್ಲುವುದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದು ಮುಂಜಾವಿನಲ್ಲಿ ಕಾಡಿನಂಚಿಗೆ ಕೈಹಿಡಿದು ಕರೆದೊಯ್ದು, ಸದ್ದು ಮಾಡದೆ ನಿಂತು ಅದನ್ನು ನೋಡುವುದನ್ನು ಕಲಿಸಿದರೆ ಸಾಕು. ಬೈರನು ಕಲಿಸಿದ ವಿದ್ಯೆಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ ಅದೇ.